ಬೆಳ್ಳಿಚುಕ್ಕಿ ಸರ್ವಿಸ್

ಜವಳಗೇರಾದ ಹತ್ತಿರ ಕಾಲುವೆ ದಂಡೆಯ ಮೇಲೆ ಟ್ರಾಕ್ಟರಿನ ಟ್ರೇಲರ್ ಮಗುಚಿಬಿದ್ದದ್ದು ಎಂಬತ್ತನಾಲ್ಕರ ಆಷಾಢದ ಕೊನೆಗೆ. ಅದರಲ್ಲಿ ಗದ್ದೆಯಲ್ಲಿ ನೆಲ್ಲಿನ ಸಸಿ ಹಚ್ಚಲು ಮಸ್ಕಿಯಿಂದ ಹೊರಟ ಮೂವತ್ತೆಂಟು ಹೆಂಗಸರಿದ್ದರು. ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಪೀರ್‌ಬೀಯ ಕಾಲು ಮುರಿಯಿತು, ಆದೆಮ್ಮನ ಎಡಗೈ ಮುರಿಯಿತು.

ಆದೆಮ್ಮ ಆ ಗುಂಪಿನ ಮುಂದಾಳು. ಯಾವ ಗದ್ದೆಗೆ ಎಷ್ಟು ಜನ ಬೇಕು, ಯಾರು ಬರುತ್ತಾರೆ, ಯಾರು ಬಾಣಂತಿ ಎಂಬುದೆಲ್ಲ ಅವಳ ತಲೆಯಲ್ಲೇ ಇರುತ್ತಿತ್ತು. ಕೈಗೆ ಕಟ್ಟು ಕಟ್ಟಿಸಿಕೊಂಡು ಮನೆಯಲ್ಲಿ ಕೂತ ನಾಲ್ಕನೇ ದಿನಕ್ಕೆ ಅವಳಿಗೆ ತಡೆಯಲಾಗಲಿಲ್ಲ. ಎದ್ದು ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಅಲ್ಲಿ ಬೇವಿನ ಮರದ ಕೆಳಗೆ ಹಳೆಯ ಬಸ್ಸೊಂದು ತಿಂಗಳಿಂದ ನಿಂತಿತ್ತು. ಅದರ ನೆರಳಲ್ಲಿ ಮಾಲೀಕ ಹೊನ್ನೂರಪ್ಪ ಬೀಡಿ ಸೇದುತ್ತಿದ್ದ. ಅವನು ಲಿಂಗಸುಗೂರಿನವನು. ಹದಿನೈದು ವರ್ಷ ಲಾರಿ ಓಡಿಸಿ, ಮದುವೆ ದಿಬ್ಬಣಕ್ಕೆಂದು ಈ ಬಸ್ಸು ಕೊಂಡಿದ್ದ. ಮದುವೆ ಮುಗಿದರೆ ಅವನಿಗೂ ಬಸ್ಸಿಗೂ ಕೆಲಸವಿರಲಿಲ್ಲ.

"ಅಣ್ಣಾ, ಈ ಬಸ್ಸು ಯಾವಾಗ ಹೋಗತೈತಿ?" ಎಂದಳು ಆದೆಮ್ಮ.

"ಮದುವಿ ಇದ್ರ ಹೋಗತೈತಿ ತಂಗಿ. ಆಷಾಢದಾಗ ಯಾರು ಮದುವಿ ಮಾಡ್ತಾರ?"

"ಹಂಗಾದ್ರ ನಮ್ಮನ್ನ ಕರಕೊಂಡು ಹೋಗು. ನಲವತ್ತು ಮಂದಿ ಅದೀವಿ. ನೆಲ್ಲು ಹಚ್ಚೂ ತನಕ ದಿನಾ ಹೋಗಬೇಕು, ದಿನಾ ಬರಬೇಕು."

ಹೊನ್ನೂರಪ್ಪ ನಕ್ಕ. "ಇದು ದಿಬ್ಬಣದ ಗಾಡಿ. ಕೆಸರು ಕಾಲಿನವ್ರನ್ನ ಹತ್ತಿಸಿಕೊಂಡ್ರ ಮುಂದ ಬೀಗರು ಹತ್ತತಾರೇನು?"

"ಕಾಲು ಕಾಲುವಿಯಾಗ ತೊಳಕೊಂಡು ಹತ್ತತೀವಿ. ಬೀಗರು ಉಂಬೂ ಅನ್ನ ಯಾರು ಹಚ್ಚಿದ್ದು ಅಂತ ಕೇಳಿ ನೋಡು."

ಅವನ ನಗೆ ನಿಂತಿತು. ಕಟ್ಟು ಹಾಕಿದ ಅವಳ ಕೈಯನ್ನು ನೋಡಿ, ಬೀಡಿಯನ್ನು ಚಪ್ಪಲಿಯಡಿ ಹೊಸಕಿದ.

ಇಡೀ ಬಸ್ಸನ್ನು ಒಂದೇ ಗುಂಪು ಬಾಡಿಗೆಗೆ ಹಿಡಿಯಬೇಕು, ಗುಂಪಿನ ಮುಖ್ಯಸ್ಥರ ಹೆಸರು ಕಾಗದದಲ್ಲಿ ಇರಬೇಕು ಎಂಬುದು ಕಾನೂನು. ಅಲ್ಲಿಯ ತನಕ ಆ ಜಾಗದಲ್ಲಿ ಸಾಹುಕಾರರ, ದೇಸಾಯರ ಹೆಸರುಗಳೇ ಬಿದ್ದಿದ್ದವು. ಆ ವರ್ಷದ ಶ್ರಾವಣದಲ್ಲಿ ಮೊದಲ ಬಾರಿಗೆ "ಆದೆಮ್ಮ ಮತ್ತು ಪಾರ್ಟಿ" ಎಂದು ಬಿತ್ತು. ಹೊನ್ನೂರಪ್ಪ ಓದಿ ಹೇಳಿದಾಗ ಹೆಂಗಸರು ಬಿದ್ದು ಬಿದ್ದು ನಕ್ಕರು. ಆದೆಮ್ಮ ನಗಲಿಲ್ಲ. ಕಾಗದ ಇಸಕೊಂಡು, ತನ್ನ ಹೆಸರು ಎಲ್ಲಿದೆ ಎಂದು ಕೇಳಿ, ಆ ಅಕ್ಷರಗಳ ಮೇಲೆ ಬೆರಳಾಡಿಸಿದಳು.

ಮೊದಲ ದಿನ ಕೆಲವರು ಸೀಟಿನ ಮೇಲೆ ಕೂರಲು ಹಿಂಜರಿದು ಕೆಳಗೇ ಕೂತರು. ಆದೆಮ್ಮ ಒಬ್ಬೊಬ್ಬರನ್ನೇ ರಟ್ಟೆ ಹಿಡಿದು ಎಬ್ಬಿಸಿದಳು. ಸಿಂಧನೂರು ದಾಟುವ ಹೊತ್ತಿಗೆ ಅರ್ಧ ಬಸ್ಸು ನಿದ್ದೆ ಹೋಗಿತ್ತು. ಟ್ರೇಲರಿನಲ್ಲಿ ನಿಂತು ನಿಂತು ಸೊಂಟ ಬಿದ್ದುಹೋದವರು ಅಂದು ಗದ್ದೆಗೆ ಇಳಿದಾಗ ಹೊಸಬರ ಹಾಗೆ ಇಳಿದರು. ಸಂಜೆ ಮನೆ ಮುಟ್ಟಿದಾಗ ಇನ್ನೂ ಬೆಳಕಿತ್ತು.

ಎರಡು ವರ್ಷ ಹೀಗೇ ನಡೆಯಿತು. ಬೇಸಿಗೆಗೆ ದಿಬ್ಬಣ, ನಾಟಿಗೆ, ಕೊಯ್ಲಿಗೆ ಹೆಂಗಸರು. ಕೈ ಕೂಡಿದ ಮೇಲೆ ಆದೆಮ್ಮ ಗದ್ದೆಗಿಳಿಯುವುದರ ಜೊತೆಗೆ ಬಾಗಿಲಲ್ಲಿ ನಿಂತು ತಲೆ ಎಣಿಸುವುದನ್ನೂ, ಸೀಟಿ ಊದುವುದನ್ನೂ ಕಲಿತಳು. ಅಷ್ಟರಲ್ಲಿ ದಾರಿಯ ಹಳ್ಳಿಗಳವರೂ ಕೈ ಅಡ್ಡ ಮಾಡತೊಡಗಿದರು. ಸಿಂಧನೂರಿನ ಕಾಲೇಜಿಗೆ ಹೋಗುವ ಹುಡುಗಿಯರು, ಹಾಲಿನ ಕ್ಯಾನಿನವರು, ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಶಾಲೆಯ ಮಾಸ್ತರು. ಅಷ್ಟು ಮುಂಜಾನೆ ಆ ರಸ್ತೆಯಲ್ಲಿ ಬೇರೆ ಬಸ್ಸಿರಲಿಲ್ಲ. ಬೇಡವೆನ್ನಲು ಆದೆಮ್ಮನಿಗೆ ಬಾಯಿ ಬರಲಿಲ್ಲ.

ಎಂಬತ್ತಾರರ ಕೊಯ್ಲಿನ ಕಾಲಕ್ಕೆ ಇನ್‌ಸ್ಪೆಕ್ಟರರು ಬಸ್ಸು ತಡೆದರು. ಬಾಡಿಗೆ ಗಾಡಿ ದಾರಿಯಲ್ಲಿ ಜನ ಹತ್ತಿಸಿಕೊಳ್ಳುವಂತಿಲ್ಲ. ಮಾತು ನ್ಯಾಯದ್ದೇ. ಬಸ್ಸು ಠಾಣೆಯ ಮುಂದೆ ನಿಂತಿತು, ಹೆಂಗಸರು ಎಂಟು ಮೈಲಿ ನಡೆದರು.

"ಸಾಕಾತು ತಂಗಿ. ನಾ ಲಾರಿಗೇ ಹೋಗ್ತೀನಿ," ಎಂದ ಹೊನ್ನೂರಪ್ಪ.

"ರೂಟ್ ಪರ್ಮಿಟ್ ತಗಂಡ್ರ ಯಾರೂ ತಡಿಯಂಗಿಲ್ಲಲ್ಲ?"

"ಯಾರು ಕೊಡ್ತಾರ ನಮಗ?"

"ಕೇಳದವ್ರಿಗೆ ಯಾರೂ ಕೊಡಂಗಿಲ್ಲ. ಅರ್ಜಿ ಹಾಕು."

ದಂಡ ಕಟ್ಟಿ ಬಸ್ಸು ಬಿಡಿಸಿಕೊಂಡು ಅರ್ಜಿ ಹಾಕಿದರು. ಅದೇ ರಸ್ತೆಯಲ್ಲಿ ಎರಡು ಬಸ್ಸು ಓಡಿಸುತ್ತಿದ್ದ ಸೂಗಪ್ಪ ಸಾಹುಕಾರರು ತಕರಾರು ಬರೆದರು. ಮಸ್ಕಿಯಿಂದ ಮುಂಜಾನೆ ಐದಕ್ಕೆ ಹೊರಡುವ ಪ್ರಯಾಣಿಕರೇ ಇಲ್ಲ, ಹೊಸ ಬಸ್ಸಿನ ಅಗತ್ಯವಿಲ್ಲ ಎಂಬುದು ಅವರ ವಾದ. ರಾಯಚೂರಿನ ಸಾರಿಗೆ ಕಚೇರಿಯಲ್ಲಿ ವಿಚಾರಣೆ ನಡೆಸಿದ ಸಾಹೇಬರು ಎರಡೂ ಕಡೆ ಕೇಳಿಸಿಕೊಂಡು, "ನಾನೇ ಬಂದು ನೋಡುತ್ತೇನೆ" ಎಂದು ಒಂದು ದಿನ ಗೊತ್ತುಮಾಡಿದರು.

ಆ ದಿನ ಆದೆಮ್ಮ ಎಲ್ಲರಿಗಿಂತ ಮುಂಚೆ ಬಸ್‌ಸ್ಟ್ಯಾಂಡಿಗೆ ಬಂದಳು. ಅಲ್ಲಿ ಸಾಲಾಗಿ ಟ್ರೇಲರ್ ಕಟ್ಟಿದ ಮೂರು ಟ್ರಾಕ್ಟರು ನಿಂತಿದ್ದವು. ಸಾಹುಕಾರರ ಆಳೊಬ್ಬ ದೊಡ್ಡ ಪಾತ್ರೆಯಲ್ಲಿ ಚಹಾ ಇಟ್ಟುಕೊಂಡು, "ಇವತ್ತು ಪುಕ್ಕಟೆ, ಹತ್ರಿ ಹತ್ರಿ" ಎಂದು ಕೂಗುತ್ತಿದ್ದ. ಸಾಹೇಬರು ಬರುವ ಮೊದಲು ಹೆಂಗಸರನ್ನು ಸಾಗಿಸಿಬಿಟ್ಟರೆ ಸ್ಟ್ಯಾಂಡು ಬಣಬಣ, ಅರ್ಜಿ ವಜಾ.

ಹೆಂಗಸರು ಬುತ್ತಿ ಹಿಡಿದು ಬರತೊಡಗಿದರು. ಚಹಾ ಕಂಡು ನಿಂತರು. ಆದೆಮ್ಮ ಅವರ ಕಡೆ ಎರಡು ಹೆಜ್ಜೆ ಇಟ್ಟು ನಿಂತಳು. ಪುಕ್ಕಟೆ ಸಿಕ್ಕಿದ್ದನ್ನು ಬಿಡಿ ಎಂದು ಕೂಲಿಯವರಿಗೆ ಯಾವ ಬಾಯಿಂದ ಹೇಳುವುದು?

ಮಾತಾಡಿದ್ದು ಪೀರ್‌ಬೀ. ಮೂರು ವರ್ಷದಿಂದ ಕುಂಟುತ್ತಿದ್ದ ಅವಳು ಟ್ರೇಲರಿನ ಹತ್ತಿರ ಹೋಗಿ, ಸೀರೆಯ ಅಂಚು ಚೂರು ಎತ್ತಿ, ಸೊಟ್ಟಗೆ ಕೂಡಿಕೊಂಡ ಕಾಲನ್ನು ಆಳಿಗೆ ತೋರಿಸಿದಳು.

"ಇಂಥಾ ಟ್ರೇಲರ್ ಇದನ್ನೂ ನನಗ ಪುಕ್ಕಟೆ ಕೊಟ್ಟಿತ್ತು. ಇನ್ನೊಂದು ಕಾಲು ಐತಿ, ಅದನ್ನ ನಾ ಕೊಡಂಗಿಲ್ಲ."

ಅವಳು ಬಂದು ಆದೆಮ್ಮನ ಪಕ್ಕದಲ್ಲಿ ನಿಂತಳು. ಶೇಖಮ್ಮ ಬಂದಳು. ಪಾರ್ವತೆಮ್ಮ ಚಹಾ ಮಾತ್ರ ಕುಡಿದು, ಲೋಟ ತೊಳೆದಿಟ್ಟು ಬಂದಳು. ಎಲ್ಲರೂ ನಕ್ಕರು, ನಗುತ್ತಲೇ ಒಬ್ಬೊಬ್ಬರಾಗಿ ರಸ್ತೆಯ ಈ ಬದಿಗೆ ಬಂದರು. ಆದೆಮ್ಮನ ಕಣ್ಣು ಮಂಜಾಯಿತು. ಸೆರಗಿನಿಂದ ಒರೆಸಿಕೊಂಡು ಅಭ್ಯಾಸಬಲದಿಂದ ತಲೆ ಎಣಿಸಿದಳು. ಅರವತ್ತಾರು.

ಜೀಪು ಬಂತು. ಸಾಹೇಬರು ಇಳಿದು ಒಮ್ಮೆ ಮೂರು ಖಾಲಿ ಟ್ರೇಲರುಗಳನ್ನು ನೋಡಿದರು, ಒಮ್ಮೆ ಈ ಗುಂಪನ್ನು ನೋಡಿದರು.

"ಅವು ಯಾಕೆ ಖಾಲಿ ನಿಂತಿವೆ?"

"ಅವು ಕಾಳು ಹೇರೂ ಗಾಡಿ ಅದಾವ್ರೀ ಸಾಹೇಬ್ರ," ಎಂದಳು ಆದೆಮ್ಮ. "ನಾವು ಮನುಷ್ಯಾರು. ನಮ್ಮ ಬಸ್ಸಿಗೆ ಕಾಯಾಕತ್ತೀವ್ರಿ."

ಸಾಹೇಬರು ತಾವೂ ಬಸ್ಸು ಹತ್ತಿ ಸಿಂಧನೂರಿನ ತನಕ ಬಂದರು. ಹಳ್ಳಿ ಹಳ್ಳಿಗೂ ಕೈಗಳು ಅಡ್ಡ ಬಂದವು. ಅಂದು ಯಾರನ್ನೂ ಹತ್ತಿಸಿಕೊಳ್ಳುವಂತಿರಲಿಲ್ಲ. ಹೊನ್ನೂರಪ್ಪ ಒಂದೊಂದು ಕಡೆಯೂ ವೇಗ ತಗ್ಗಿಸಿ, ತಲೆಯಾಡಿಸಿ ಮುಂದೆ ಸಾಗಿದ. ಬಿಟ್ಟುಬಂದವರನ್ನೆಲ್ಲ ಸಾಹೇಬರು ಎಣಿಸಿ ಬರೆದುಕೊಂಡರು.

ಇಪ್ಪತ್ತು ದಿನಕ್ಕೆ ಪರ್ಮಿಟ್ ಬಂತು. ಮಸ್ಕಿಯಲ್ಲಿ ಪಟಾಕಿ ಹೊಡೆದರು. ಹೆಂಗಸರು ಬಸ್ಸಿಗೆ ಅರಿಷಿಣ ಬಳಿದು ಸೋಬಾನೆ ಹಾಡಿದರು. ಪೇಂಟರು ಬಣ್ಣದ ಡಬ್ಬಿ ಹಿಡಿದು ಹೆಸರು ಕೇಳಿದಾಗ ಹೊನ್ನೂರಪ್ಪ ಆದೆಮ್ಮನ ಕಡೆ ತಿರುಗಿದ. "ನೀ ಹಟ ಹಿಡಿದಿದ್ದಕ್ಕ ಪರ್ಮಿಟ್ ಬಂತು, ಕಂಪನಿ ಇಬ್ಬರದು. ಕಾಗದಾನೂ ಹಂಗ ಮಾಡಿಸೀನಿ. ಹೆಸರು ನೀ ಹೇಳು."

ಆದೆಮ್ಮ ತಲೆಯೆತ್ತಿ ಆಕಾಶ ನೋಡಿದಳು. ಆಮೇಲೆ, "ನಾವು ಏಳೂ ಹೊತ್ತಿಗೆ ಬೆಳ್ಳಿಚುಕ್ಕಿ ಒಂದೇ ಎದ್ದಿರತೈತಿ. ಅದನ್ನ ಬರಿ," ಎಂದಳು.

ಮುಂದಿನ ಎಂಟು ವರ್ಷದಲ್ಲಿ ಬೆಳ್ಳಿಚುಕ್ಕಿಯ ಬಸ್ಸುಗಳು ಆರಾದವು. ಲಿಂಗಸುಗೂರಿನಿಂದ ಸಿಂಧನೂರಿಗೆ ದಿನಕ್ಕೆ ನಾಲ್ಕು ಸಲ ಓಡಿದವು. ಬೇಸಿಗೆಯಲ್ಲಿ ಎರಡು ಗಾಡಿ ದಿಬ್ಬಣಕ್ಕೆ ಮೀಸಲು. ಯಾವ ಬೀಗರೂ ಕೆಸರಿನ ಮಾತು ಎತ್ತಲಿಲ್ಲ. ಸೂಗಪ್ಪ ಸಾಹುಕಾರರೇ ಮಗಳ ಮದುವೆಗೆ ಬಸ್ಸು ಕೇಳಿಕೊಂಡು ಬಂದರು. ಆದೆಮ್ಮ ಚಹಾ ತರಿಸಿದಳು, ಎರಡು ಬಸ್ಸು ಕಳಿಸಿದಳು. ರಾತ್ರಿ ಶಾಲೆಗೆ ಹೋಗಿ ಸಹಿ ಕಲಿತಿದ್ದಳು, ಆ ಬಾಡಿಗೆಯ ಕಾಗದಕ್ಕೆ ಸಹಿ ಮಾಡಿದವಳೂ ಅವಳೇ.

ತೊಂಬತ್ತೈದರ ದೀಪಾವಳಿಗೆ ಗುರುಗುಂಟಾದ ಹೊಸ ರೂಟು ಶುರುವಾಯಿತು. ಮೊದಲ ಬಸ್ಸಿನಲ್ಲಿ ಅವಳು ಡ್ರೈವರಿನ ಹಿಂದಿನ ಸೀಟಿನಲ್ಲಿ ಕೂತಿದ್ದಳು. ಊರ ಮುಂದೆ ಹಲಗೆ ಬಾರಿಸುತ್ತ ಜನ ಸೇರಿದ್ದರು. ಹಿರಿಯರು ಹಾರ ಹಿಡಿದು ಹೊನ್ನೂರಪ್ಪನ ಕಡೆ ನಡೆದರು. ಅವನು ಕೈ ಅಡ್ಡ ಮಾಡಿ, "ಮದಲ ನಮ್ಮ ಮಾಲಕರಿಗೆ ಹಾಕ್ರಿ" ಎಂದು ಬಾಗಿಲು ತೋರಿಸಿದ.

ಆದೆಮ್ಮ ಇಳಿದಳು. ಹಾರ ಕೊರಳಿಗೆ ಬಿತ್ತು. ಕುರಿ ಕಾಯುವ ಮುದುಕಿಯೊಬ್ಬಳು ಗುಂಪು ಸೀಳಿಕೊಂಡು ಬಂದು, ಅವಳ ಕೈ ಹಿಡಿದು ಕೇಳಿದಳು:

"ಯವ್ವಾ, ಇದು ನಾಳಿಗೂ ಬರತೈತೇನು?"

"ನಾಳಿಗೂ ಬರತೈತಿ, ನಾಡದೂ ಬರತೈತಿ. ಐದೂವರಿಗೆ ಇಲ್ಲೇ ನಿಂದ್ರು," ಎಂದಳು ಆದೆಮ್ಮ. "ಈಗ ಹತ್ತಬೇ ಎವ್ವ, ಲಿಂಗಸುಗೂರು ನೋಡಿಕೊಂಡು ಬರೋಣಂತ."

ಮುದುಕಿ ಹತ್ತಿದಳು. ಅವಳ ಹಿಂದೆ ಅರ್ಧ ಊರೇ ಹತ್ತಿತು. ಆದೆಮ್ಮ ಸೀಟಿ ಊದಿದಳು.