ರೋಸ್ಕೋ ಅವಚಿಕೊಂಡ ಚೆಂಡು

ನಾನು ಒಂದು ಚೆಂಡು. ಹಾಗೆಂದರೆ ದುಂಡಗಿರುವ ಚೆಂಡುಗಳೆಲ್ಲ ಮುಸಿಮುಸಿ ನಗುತ್ತವೆ, ನಗಲಿ ಬಿಡಿ. ಅಮೆರಿಕದ ಒಹಾಯೋ ಕಡೆಯ ಕಾರ್ಖಾನೆಯೊಂದರಲ್ಲಿ ದನದ ತೊಗಲು ಹೊಲಿದು, ದಾರ ಬಿಗಿದು, ಗಾಳಿ ತುಂಬಿದಾಗ ಸುಲಿದ ತೆಂಗಿನಕಾಯಿಯ ಆಕಾರದಲ್ಲಿ ಹುಟ್ಟಿದೆ. ಹೆಸರೇನೋ ಫುಟ್‌ಬಾಲ್. ಆದರೆ ಅಲ್ಲಿಯ ಆಟದಲ್ಲಿ ನನ್ನನ್ನು ಒದೆಯುವುದಕ್ಕಿಂತ ಕಂಕುಳಲ್ಲಿಟ್ಟುಕೊಂಡು ಓಡುವುದೇ ಹೆಚ್ಚು.

ಓಡುವವರ ಫೋಟೋ ಪೇಪರಿನಲ್ಲಿ ಬರುತ್ತದೆ. ಅವರಿಗೆ ದಾರಿ ಬಿಡಿಸಲು ಎದುರಾಳಿಗಳಿಗೆ ಎದೆಯೊಡ್ಡಿ ನಿಲ್ಲುವವರನ್ನು ಯಾರು ಕೇಳುತ್ತಾರೆ? ರೋಸ್ಕೋ ಅಂಥವನು, ಬಾಗಿಲಿನಷ್ಟು ಅಗಲದ ಆಳು. ಸಂಬಳಕ್ಕೆ ಆಡಿದ ಹನ್ನೊಂದು ವರ್ಷದಲ್ಲಿ ಪಂದ್ಯದ ಚೆಂಡು ಮುಟ್ಟಿದ್ದು ಒಂದೇ ಸಲ, ಅದು ನಾನು! ಕೊನೆಯ ವರ್ಷದ ಪಂದ್ಯವೊಂದರಲ್ಲಿ ಓಟಗಾರನ ಕೈಜಾರಿ ನೆಲಕ್ಕೆ ಬಿದ್ದೆ. ಬಿದ್ದ ಚೆಂಡು ಹಿಡಿದವರದ್ದು, ಅದಕ್ಕೇ ಎಲ್ಲರೂ ಅದರ ಮೇಲೆ ಎಗರುತ್ತಾರೆ. ರೋಸ್ಕೋ ಮೊದಲು ಬಿದ್ದು ನನ್ನನ್ನು ಹೊಟ್ಟೆಗೆ ಅವಚಿಕೊಂಡ. ಅವನ ಮೇಲೆ ಏಳು ಜನ ಬಿದ್ದರು. ಎರಡು ಬೆರಳು ಮುರಿದರೂ ಹಿಡಿತ ಸಡಿಲಲಿಲ್ಲ. ಪಂದ್ಯ ಉಳಿಯಿತು. ತಂಡದವರು ನನ್ನನ್ನೇ ಅವನಿಗೆ ಕೊಟ್ಟರು.

ಅಂದಿನಿಂದ ಅವನ ಮನೆಯ ಟಿವಿ ಪಕ್ಕದ ಶೆಲ್ಫೇ ನನ್ನ ವಾಸ. ಹೆಂಡತಿ ವರ್ನಾ ಧೂಳು ಒರೆಸುವಾಗಲೆಲ್ಲ, ಈ ಮನೆಯಲ್ಲಿ ನನಗೊಬ್ಬಳು ಸವತಿ ಎಂದು ಛೇಡಿಸುತ್ತಿದ್ದಳು. ವರ್ಷಗಳು ಉರುಳಿದವು. ನನ್ನ ಗಾಳಿ ಇಳಿಯಿತು, ಅವನ ಮಂಡಿ ಸವೆಯಿತು. ಆಮೇಲೆ ಕೈ ನಡುಗತೊಡಗಿತು. ಮನೆಯ ಗಾಜಿನ ಲೋಟಗಳೆಲ್ಲ ಒಡೆದು ಮುಗಿದು, ಪ್ಲಾಸ್ಟಿಕ್ಕಿನವು ಬಂದವು.

ಹೋದ ಚಳಿಗಾಲದಲ್ಲಿ ಮಗಳು ಡಿಲೈಲಾ ಇಪ್ಪತ್ತು ದಿನದ ಕೂಸನ್ನು ಕರೆತಂದಳು. ರೋಸ್ಕೋ ಮೊಮ್ಮಗಳನ್ನು ನೋಡಿ ನೋಡಿ ಕಣ್ಣು ತುಂಬಿಕೊಂಡ. ಎತ್ತಿಕೋ ಎಂದರೆ ಮಾತ್ರ ಕೈ ಹಿಂದಕ್ಕೆ ಕಟ್ಟಿಕೊಂಡ.

"ಬೇಡಮ್ಮ. ಈ ಕೈನ ನಂಬ್ಬೇಡ."

ಮೂರು ದಿನವೂ ಇದೇ ಹಾಡು. ನನಗೋ ಸಂಕಟ. ಆ ಕೈ ಎಂಥದ್ದೆಂದು ನನಗಲ್ಲದೆ ಇನ್ಯಾರಿಗೆ ಗೊತ್ತು? ಹೇಳೋಣವೆಂದರೆ ಇರುವ ಒಂದು ಬಾಯಿಗೂ ದಾರ ಬಿಗಿದಿದ್ದಾರೆ.

ನಾಲ್ಕನೆಯ ದಿನ ವರ್ನಾ ನನ್ನನ್ನು ತಂದು, ಸೋಫಾದಲ್ಲಿ ಕೂತಿದ್ದ ಅವನ ಮಡಿಲಿಗೆ ಹಾಕಿದಳು.

"ಅವತ್ತು ಹೆಂಗ್ ಹಿಡ್ಕೊಂಡಿದ್ದೆ? ತೋರ್ಸು."

ಅವನು ನನ್ನನ್ನು ಹೊಟ್ಟೆಗೆ ಅವಚಿಕೊಂಡ. ಕೈ ನಡುಗುತ್ತಲೇ ಇತ್ತು, ಹಿಡಿತ ಮಾತ್ರ ಅದೇ.

"ಹಂಗೇ ಇರು" ಎಂದು ವರ್ನಾ ನನ್ನನ್ನು ಸರಿಸಿ, ಆ ಜಾಗದಲ್ಲಿ ಕೂಸನ್ನಿಟ್ಟಳು. ಕೂಸು ಒಮ್ಮೆ ಮಿಸುಕಾಡಿ ಅಲ್ಲೇ ನಿದ್ದೆ ಹೋಯಿತು.

ನಾನು ಉರುಳಿ ನೆಲಕ್ಕೆ ಬಿದ್ದೆ. ಯಾರೂ ಎಗರಲಿಲ್ಲ. ರೋಸ್ಕೋ ತಿರುಗಿಯೂ ನೋಡಲಿಲ್ಲ. ಸೋಫಾದ ಕೆಳಗಿನ ಧೂಳಿನಲ್ಲಿ ಬಿದ್ದುಕೊಂಡು, ಗಾಳಿ ಹೋಗಿ ಎಷ್ಟೋ ವರ್ಷವಾಗಿದ್ದ ನಾನು ಅಂದು ಮತ್ತೆ ಹಿಗ್ಗಿದೆ.