ತುಟಿಯ ಮೇಲಿನ ಗೆರೆಗೆ ಯಾವ ಕ್ರಿಯಾಪದ?

ಹೇಗೆ ಶುರು ಮಾಡುವುದು? ಬಟ್ಟೆ ಹಿಂಡುವುದರಿಂದಲೇ ಆಗಲಿ. ಬೇರೆ ಎಲ್ಲಿಂದ ಶುರು ಮಾಡಿದರೂ ಕೊನೆಗೆ ಬಕೆಟ್ಟಿನ ಹತ್ತಿರವೇ ಬಂದು ನಿಲ್ಲಬೇಕು.

ಈ ಕಥೆ ಬರೆಯುತ್ತಿರುವ ತಾಯಿ ಬೆಳಿಗ್ಗೆ ಏಳಕ್ಕೆ ಬೆಡ್‌ಶೀಟನ್ನು ನಲ್ಲಿಗೆ ಸುತ್ತಿ ಹಿಂಡುತ್ತಿದ್ದಾಗ ಮಗಳು ಬಚ್ಚಲ ಬಾಗಿಲಿಗೆ ಬಂದು ನಿಂತಳು. ಒಂಬತ್ತು ವರ್ಷ. ಮನೆಯವರೆಲ್ಲ ಚಿನಕುರಳಿ ಎನ್ನುತ್ತಾರೆ.

(ತಾಯಿಯ ಜಾಗದಲ್ಲಿ ಮೊದಲು ‘ನಾನು’ ಎಂದಿತ್ತು. ಎರಡೇ ಸಾಲಿಗೆ ಅದನ್ನು ಅಳಿಸಿದ್ದಾಯಿತು. ‘ಅವಳು’ ಎಂದರೆ ಸ್ವಲ್ಪ ದೂರ ಕೂತು ಬರೆಯಬಹುದು. ನೀವೂ ನೋಡಿ ನೋಡದವರಂತೆ ಇದ್ದುಬಿಡಿ.)

೧

“ಅಮ್ಮಾ, ಮಿಸ್ಸು ನಾಲ್ಕು ಪದ ಕೊಟ್ಟಿದ್ದಾರೆ. ಕರೆಕ್ಟ್, ರಿಪೇರ್, ಆಲ್ಟರ್, ರಿವೈಸ್. ಒಂದೊಂದಕ್ಕೆ ಒಂದೊಂದು ವಾಕ್ಯ. ಫಸ್ಟ್ ಪೀರಿಯಡ್‌ಗೇ ತೋರಿಸ್ಬೇಕು.”

“ನಿನ್ನೆ ಸಂಜೆಯೆಲ್ಲ ಏನ್ ಮಾಡ್ತಿದ್ದೆ?”

“ನೀನು ಕಥೆ ಬರೀತಿದ್ದೆ. ಮಾತಾಡಿಸ್ಬೇಡ ಅಂದೆ.”

(ಪಾತ್ರಗಳು ಹೀಗೆ ತಿರುಗಿ ಉತ್ತರ ಕೊಟ್ಟರೆ ಬರೆಯುವವಳಿಗೆ ಏನು ಮರ್ಯಾದೆ ಉಳಿಯಿತು?)

ತಾಯಿ ಹಿಂಡುತ್ತಲೇ ಹೇಳಿಕೊಟ್ಟಳು. ಲೆಕ್ಕ ತಪ್ಪಿದರೆ ಕರೆಕ್ಟ್. ಅದಕ್ಕೊಂದು ಸರಿಯುತ್ತರ ಮೊದಲೇ ಇರಬೇಕು. ಫ್ಯಾನು ಕೆಟ್ಟರೆ ರಿಪೇರ್. ಅದು ಹಿಂದೆ ತಿರುಗುತ್ತಿದ್ದಿರಬೇಕು. ಲಂಗ ಉದ್ದವಾದರೆ ಆಲ್ಟರ್. ಅದರಲ್ಲಿ ಲಂಗದ ತಪ್ಪೇನೂ ಇಲ್ಲ. ಒಮ್ಮೆ ಮಾಡಿ ಮುಗಿಸಿದ್ದನ್ನು ಮತ್ತೆ ನೋಡಿ, ಇನ್ನೂ ಚೆನ್ನಾಗಿ ಮಾಡಲು ಹೋಗುವುದು ರಿವೈಸ್.

“ಎಲ್ಲಕ್ಕೂ ಸರಿ ಮಾಡೋದು ಅಂದ್ರೆ ಸಾಕಲ್ವಾ?”

“ನಮಗೆ ಸಾಕು ಕಣೇ. ನಿಮ್ಮ ಮಿಸ್ಸಿಗೆ ಸಾಲಲ್ಲ.”

೨

ಬೆಡ್‌ಶೀಟು ತಂತಿಗೆ ಬಿತ್ತು. ತಾಯಿ ಅಡುಗೆಮನೆಯ ಕಟ್ಟೆಯ ಮೇಲೆ ತನ್ನ ಕಥೆಯ ನೋಟ್‌ಬುಕ್ಕು ಬಿಡಿಸಿದಳು. ಇನ್ನು ತಪ್ಪಿಸಿಕೊಳ್ಳುವ ಹಾಗಿಲ್ಲ, ವಿಷಯಕ್ಕೆ ಬರಬೇಕು.

ಚಿನಕುರಳಿ ಹುಟ್ಟಿದಾಗ ಮೇಲ್ದುಟಿ ಸೀಳಿತ್ತು. ನಾಲ್ಕನೇ ತಿಂಗಳಲ್ಲಿ ಆಪರೇಷನ್ ಆಯಿತು. ಆಸ್ಪತ್ರೆಯ ಕಾಗದದಲ್ಲಿ ‘ರಿಪೇರ್’ ಎಂದು ಬರೆದಿದ್ದರು. ಈಗ ತುಟಿಯಿಂದ ಮೂಗಿನವರೆಗೆ ಒಂದು ಗೆರೆ. ತುಟಿಯ ಒಂದು ಪಕ್ಕ ತುಸು ಮೇಲಕ್ಕೆ ಎಳೆದ ಹಾಗಿದೆ. ಉಣ್ಣಲು, ಮಾತಾಡಲು ತೊಂದರೆಯಿಲ್ಲ (ಮಾತಿಗಂತೂ ಅಡ್ಡಹೆಸರೇ ಸಾಕ್ಷಿ). ಮುಂದಿನ ಸೋಮವಾರ ಇನ್ನೊಂದು ಆಪರೇಷನ್. ಈ ಸಲದ ಕಾಗದದಲ್ಲಿರುವುದು ‘ರಿವಿಷನ್’.

“ಮಾಡಿಸ್ಲೇಬೇಕು ಅಂತೇನಿಲ್ಲ. ನೀವು ಯೋಚನೆ ಮಾಡಿ ಹೇಳಿ,” ಎಂದಿದ್ದರು ಡಾಕ್ಟರಮ್ಮ. ಒಪ್ಪಿಗೆ ಪತ್ರ ಇವತ್ತು ಹತ್ತು ಗಂಟೆಯೊಳಗೆ ತಲುಪಬೇಕು. ಸಹಿ ಹಾಕಬೇಕಾದವಳು ತಾಯಿ. ತುಟಿ ಯಾರದೋ ಅವಳನ್ನು ಯಾರೂ ಕೇಳಿಲ್ಲ.

(ಮೊದಲ ಡ್ರಾಫ್ಟಿನಲ್ಲಿ ತಾಯಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೇಳುತ್ತಿದ್ದಳು. ಹೊಡೆದುಹಾಕಿದ್ದಾಯಿತು. ಅಷ್ಟು ಧೈರ್ಯ ಇದ್ದಿದ್ದರೆ ಕಥೆ ಯಾಕೆ ಬೇಕಿತ್ತು?)

೪

(ಮೂರನೆಯದರಲ್ಲಿ ಗಂಡ ಬರಬೇಕಿತ್ತು. “ನಿಂಗೆ ಸರಿ ಅನ್ಸಿದ್ದು ಮಾಡು, ನನ್ನನ್ನ ಯಾಕೆ ಎಳೀತೀಯ?” ಎಂದು ಬ್ಯಾಗು ತಗಲಿಸಿಕೊಂಡು ಹೊರಟ. ಕಥೆಯಲ್ಲೂ ಅದೇ ಬುದ್ಧಿ.)

ಒಪ್ಪಿಗೆ ಪತ್ರಕ್ಕೆ ಫೋಟೋ ಬೇಕಿತ್ತು. ನಿನ್ನೆ ಶಾಲೆ ಬಿಟ್ಟ ಮೇಲೆ ಇಬ್ಬರೂ ಬೀದಿ ತುದಿಯ ಸ್ಟುಡಿಯೋಗೆ ಹೋದರು. ಸ್ಟುಡಿಯೋದವನದು ಒಂದು ರೂಢಿ. ಯಾರು ಬಂದರೂ ಕೇಳದೆ ಮೊಡವೆ ಅಳಿಸುತ್ತಾನೆ, ಕಣ್ಣಿನ ಕೆಳಗಿನ ಕಪ್ಪು ತೆಗೆಯುತ್ತಾನೆ. ಅದೇ ಕೈಯಲ್ಲಿ ಚಿನಕುರಳಿಯ ಗೆರೆಯನ್ನೂ ಅಳಿಸಿ, ತುಟಿಯನ್ನು ಸಮ ಮಾಡಿ ಪ್ರಿಂಟ್ ತೆಗೆದುಬಿಟ್ಟ.

“ಟಚಪ್ ಮಾಡಿದೀನಿ ಅಕ್ಕಾ. ಎಷ್ಟು ಲಕ್ಷಣವಾಗಿ ಬಂದಿದೆ ನೋಡಿ.”

ಆಸ್ಪತ್ರೆಗೆ ಬೇಕಿದ್ದದ್ದು ಗೆರೆ ಇರುವ ಮುಖ. ‘ಬೇಡಪ್ಪ, ಇದ್ದ ಹಾಗೇ ಕೊಡು’ ಎನ್ನಬೇಕಿತ್ತು. ಎಂದಳು ಕೂಡ, ಆದರೆ ಆಮೇಲೆ. ಅದಕ್ಕೆ ಮುಂಚೆ ಆ ಫೋಟೋ ಹಿಡಿದು ನಿಂತೇ ಇದ್ದಳು. ಮಗಳು ಸ್ಟೂಲಿನಿಂದ ಇಳಿದು, ಶೂ ಹಾಕಿಕೊಂಡು, ಲೇಸು ಕಟ್ಟಿ, ಪಕ್ಕಕ್ಕೆ ಬಂದು ನಿಲ್ಲುವಷ್ಟು ಹೊತ್ತು.

ಇದ್ದ ಹಾಗಿನ ಫೋಟೋ ಪತ್ರಕ್ಕೆ ಅಂಟಿತು. ಇನ್ನೊಂದನ್ನು ಎಸೆಯಲು ಕೈ ಬರಲಿಲ್ಲ, ಈ ನೋಟ್‌ಬುಕ್ಕಿನ ಕೊನೆಗೆ ಸೇರಿಸಿಟ್ಟಳು.

ಮುಕ್ತಾಯ ಒಂದು: ತಾಯಿ ಸಹಿ ಹಾಕುತ್ತಾಳೆ. ಹೊಲಿಗೆ ಬಿಚ್ಚಿದ ದಿನ ಮಗಳು ಕನ್ನಡಿ ನೋಡಿ ನಗುತ್ತಾಳೆ. (ಆಸ್ಪತ್ರೆಯ ಗೋಡೆಯ ಪೋಸ್ಟರಿನ ಹಾಗಿದೆ.)

ಮುಕ್ತಾಯ ಎರಡು: ತಾಯಿ ಪತ್ರ ಹರಿಯುತ್ತಾಳೆ. ಹದಿನಾರರ ಮಗಳು, “ಆಗಲೇ ಯಾಕಮ್ಮ ಮಾಡಿಸ್ಲಿಲ್ಲ?” ಎಂದು ಬಾಗಿಲು ಬಡಿದು ಹೋಗುತ್ತಾಳೆ. (ಇದನ್ನು ಎರಡು ಸಲ ಹೊಡೆದು ಮತ್ತೆ ಬರೆದದ್ದಾಯಿತು.)

ಮುಕ್ತಾಯ ಮೂ

“ಅಮ್ಮಾ.”

ಚಿನಕುರಳಿ ಯಾವಾಗಲೋ ಬಂದು ತಾಯಿಯ ಭುಜದ ಹಿಂದೆ ನಿಂತು ಓದುತ್ತಿದ್ದಳು. ತಾಯಿ ಪುಟದ ಮೇಲೆ ಅಂಗೈ ಇಟ್ಟಳು.

“ಮುಚ್ಬೇಡ, ಓದಾಯ್ತು. ಇದ್ರಲ್ಲಿ ನಾನು ಬರೀ ಹೋಮ್‌ವರ್ಕ್ ಕೇಳ್ತೀನಿ.”

“ಕೇಳಿದ್ದು ಅದೇ ಅಲ್ವೇನೇ?”

“ಬಚ್ಚಲಿಗೆ ಬಂದಿದ್ದು ಅದಕ್ಕಲ್ಲ. ನಿನ್ನ ಮುಖ ನೋಡಿ ನಿಂಗೆ ಸುಸ್ತಾಗಿದೆ ಅನ್ನಿಸ್ತು. ಅದಕ್ಕೆ ಹೋಮ್‌ವರ್ಕ್ ಅಂದೆ.”

ತಾಯಿ ಪೆನ್ನಿಗೆ ಮುಚ್ಚಳ ಹಾಕಿದಳು. “ಹಾಗಾದ್ರೆ ಈಗ ಕೇಳು, ಪುಟ್ಟಾ,” ಎಂದಳು.

ಮಗಳು ನೋಟ್‌ಬುಕ್ಕಿನ ಕೊನೆಯ ಹಾಳೆ ತಿರುವಿ, ಅಲ್ಲಿದ್ದ ಫೋಟೋವನ್ನು ತೆಗೆದು ತನ್ನ ಕೆನ್ನೆಯ ಪಕ್ಕಕ್ಕೆ ಹಿಡಿದುಕೊಂಡಳು.

“ನಿಂಗೆ ಇವಳು ಬೇಕಾಗಿತ್ತಾ?”