ಬಾವಿಯ ಈಜುಗಾರರು ವಾಟರ್ ಪಾರ್ಕಿಗೆ ಹೋದದ್ದು

ನಮ್ಮ ತಾಳವಾಡಿ ಬೆಟ್ಟದ ಮೇಲೆ ನೀರು ಜಾಗ ಬದಲಾಯಿಸಿದೆ. ಮೊದಲು ಬಾವಿಯಲ್ಲಿರುತ್ತಿತ್ತು. ಈಗ ಬೋರಿನಿಂದ ಎತ್ತಿ, ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದಲ್ಲಿ ತುಂಬಿಡುತ್ತೇವೆ. ಕೋಸಿಗೆ, ಅರಿಶಿನಕ್ಕೆ ಅಲ್ಲಿಂದಲೇ ನೀರು. ಹೊಂಡ ಮನೆಯ ಪಕ್ಕದಲ್ಲೇ ಇರುತ್ತದೆ, ಮಕ್ಕಳೂ ಅಲ್ಲೇ ಆಡುತ್ತಿರುತ್ತವೆ. ಆ ಮಕ್ಕಳಲ್ಲಿ ಒಂದಕ್ಕೂ ಈಜು ಬರುವುದಿಲ್ಲ. ಇದು ನಮ್ಮ ತಲೆಗೆ ಹತ್ತಿದ್ದು ಮಾತ್ರ ಊರಲ್ಲಲ್ಲ, ಒಂದು ವಾಟರ್ ಪಾರ್ಕಿನಲ್ಲಿ.

ಆ ಪಾರ್ಕು ಬೆಟ್ಟದ ಕೆಳಗೆ, ಸತ್ಯಮಂಗಲದ ಆಚೆ ಹೊಸದಾಗಿ ತೆರೆದಿತ್ತು. ಬೇಸಿಗೆ ರಜೆಯಲ್ಲಿ ನಮ್ಮ ಮಹಿಳಾ ಸಂಘದವರು ಮನೆಮಂದಿ ಸಮೇತ ವ್ಯಾನು ಮಾಡಿಕೊಂಡು ಹೊರಟೆವು. ನನ್ನ ಪಕ್ಕದ ಮನೆಯ ಶಾಂತಮಲ್ಲಮ್ಮ ಅತ್ತಿಗೆ, ಅವರ ಯಜಮಾನರು ಮಹದೇವಪ್ಪಣ್ಣ, ಸೊಸೆ ದಿವ್ಯ, ಒಂಬತ್ತು ವರ್ಷದ ಮೊಮ್ಮಗಳು ಪವಿತ್ರ ಬಂದಿದ್ದರು. ನಮ್ಮೂರ ನರ್ಸು ಪ್ರಮೀಳಾ ಕೂಡ ಸಂಘದವಳೇ. ಅವಳೂ ಜೊತೆಗಿದ್ದಳು.

ಹಾಸನೂರು ದಾಟಿ ಘಟ್ಟ ಇಳಿಯುವವರೆಗೂ ಮಹದೇವಪ್ಪಣ್ಣ ಬಾಯಿ ಮುಚ್ಚಲಿಲ್ಲ.

"ನೀರಾಡಕ ಇಷ್ಟು ದೂರ ಓಗ್ಬೇಕಾ? ನನ್ ಬಾವಿಲಿ ಆಡ್ನಿಲ್ವ ನೀವೆಲ್ಲ?"

"ಬಾವಿಲಿ ಈಗ ನೀರೆಲ್ಲದ ಮಾವ? ಬರೀ ಮುಳ್ಳದ" ಎಂದಳು ದಿವ್ಯ.

"ಆಗ ಇತ್ತು ಕಣವ್ವ" ಎಂದು ಅಣ್ಣ ಕಿಟಕಿಯ ಕಡೆ ತಿರುಗಿಕೊಂಡರು.

ಇತ್ತು, ನಾನು ಬಲ್ಲೆ. ನನಗೆ ಈಜು ಕಲಿಸಿದವರು ಅವರೇ. ಕಲ್ಲು ಕಟ್ಟಿದ ಆ ದೊಡ್ಡ ಬಾವಿಗೆ ಬೇಸಿಗೆ ಬಂದರೆ ಅರ್ಧ ಊರೇ ಇಳಿಯುತ್ತಿತ್ತು. ಎಲ್ಲರಿಗೂ ಇಳಿಯಲು ಬಿಡುತ್ತಿರಲಿಲ್ಲ, ಆಚೆ ಕೇರಿಯ ಮಕ್ಕಳು ದೂರದಲ್ಲಿ ನಿಂತು ನೋಡುತ್ತಿದ್ದರು, ಅದನ್ನೂ ಹೇಳಬೇಕು. ಇಳಿದವರ ಬೆನ್ನಿಗೆ ಮಹದೇವಪ್ಪಣ್ಣ ಒಣಗಿದ ಸೋರೆ ಬುರುಡೆ ಕಟ್ಟಿ ನೀರಿಗೆ ಬಿಡುತ್ತಿದ್ದರು. ಬುರುಡೆ ತೇಲಿಸುತ್ತಿತ್ತು, ನಾವು ಕೈಕಾಲು ಬಡಿಯುತ್ತಿದ್ದೆವು. ಕೆಲವು ದಿನ ಕಳೆದ ಮೇಲೆ ಒಂದು ದಿನ ಅವರು ನಮಗೆ ಗೊತ್ತಾಗದ ಹಾಗೆ ಗಂಟು ಬಿಚ್ಚಿಬಿಡುತ್ತಿದ್ದರು. ನಾವು ಈಜುತ್ತಲೇ ಇರುತ್ತಿದ್ದೆವು. ಆಚೆ ದಡ ಮುಟ್ಟಿ ತಿರುಗಿ ನೋಡಿದರೆ ಬುರುಡೆ ಅವರ ಕೈಯಲ್ಲಿ! "ಅಯ್ಯೋ ನನ್ ಬುರುಡೆ!" ಎಂದು ನಾವು ಚೀರುವುದು, ಮೇಲೆ ಬಟ್ಟೆ ಒಗೆಯುವ ಹೆಂಗಸರೆಲ್ಲ ನಗುವುದು. ಆ ದಿನದ ಸುಖ ಈಗ ಯಾವ ಹಬ್ಬಕ್ಕೂ ಇಲ್ಲ ಎಂದೇ ನನಗನಿಸುತ್ತದೆ.

ಪಾರ್ಕಿನ ಬಾಗಿಲಲ್ಲೇ ಮೊದಲ ತಕರಾರು. ಸೀರೆ ಉಟ್ಟು ನೀರಿಗೆ ಇಳಿಯುವ ಹಾಗಿಲ್ಲವಂತೆ. ಅಲ್ಲೇ ನೈಲಾನ್ ಷರಟು, ಪ್ಯಾಂಟು ಬಾಡಿಗೆಗೆ ಕೊಡುತ್ತಾರೆ.

"ಈ ವಯಸ್ಸಲ್ಲಿ ನನ್ಗ ಪ್ಯಾಂಟಾ? ಊರೋರು ಏನಂದಾರು?" ಎಂದರು ಅತ್ತಿಗೆ.

"ಊರೋರೆಲ್ಲ ಇಲ್ಲೇ ಅವ್ರಲ್ಲ, ಅವ್ರೂ ಪ್ಯಾಂಟಲ್ಲೇ ಅವ್ರ. ಸೀರ ಕಾಲ್ಗ ಸುತ್ಕಂಡ್ರ ಏಳಕಾಗಲ್ಲ ಅಂತಾವ್ರ ಇಲ್ಲಿನವ್ರು, ಬನ್ನಿ" ಎಂದು ಪ್ರಮೀಳಾ ಎಳೆದುಕೊಂಡು ಹೋದಳು.

ಬಣ್ಣಬಣ್ಣದ ಜಾರುಬಂಡೆ, ಮೇಲಿಂದ ಸುರಿಯುವ ದೊಡ್ಡ ಬಕೆಟ್ಟು, ಎಲ್ಲ ಕಡೆ ಹಾಡು. ಅತ್ತಿಗೆ ಹೋಗಿ ಆ ಬಕೆಟ್ಟಿನ ಕೆಳಗೆ ಕೂತರು. ನೀರು ದಬದಬನೆ ತಲೆ ಮೇಲೆ ಬಿದ್ದದ್ದೇ ತಡ, ನಗುತ್ತಾ ನಗುತ್ತಾ ಕಣ್ಣು ಒರೆಸಿಕೊಂಡರು.

"ಜೀರಳ್ಳಿಲಿ ನಮ್ಮಪ್ಪನ ತೋಟದ ಪಂಪಿನ ಕೆಳಗ ಇಂಗೇ ಕೂರ್ತಿದ್ದಿ ಕಣಮ್ಮಿ. ನಮ್ಮವ್ವ ಸೀಗಕಾಯಿ ಆಕಿ ತಲ ಉಜ್ಜವ್ಳು. ಆ ಕೈ ನೆಪ್ಪಾಯ್ತು."

ಪವಿತ್ರಳಿಗೆ ಪಾರ್ಕಿನವರು ಲೈಫ್ ಜಾಕೆಟ್ ಹಾಕಿಸಿದ್ದರು. ಅವಳು ಅದರಲ್ಲಿ ತೇಲುತ್ತಾ, ಕಾಲು ಬಡಿಯುತ್ತಾ ತಾತನ ಸುತ್ತ ಸುತ್ತುತ್ತಿದ್ದಳು. ಮಹದೇವಪ್ಪಣ್ಣನ ಮುಖ ಅರಳಿಹೋಗಿತ್ತು. ಮಧ್ಯಾಹ್ನ ಊಟವಾದ ಮೇಲೆ ಅಲೆ ಏಳಿಸುವ ಕೊಳಕ್ಕೆ ಇಳಿದೆವು. ನೀರು ನನ್ನ ಹೆಗಲ ತನಕ ಇತ್ತು, ಪವಿತ್ರಳ ತಲೆ ಮುಳುಗುವಷ್ಟು.

"ಕೂಸು ಈಜ್ತಾ ಅದ ನೋಡು. ನನ್ ರಕ್ತ ಅಲ್ವ!" ಎಂದರು ಅಣ್ಣ ನನಗೆ. ಅವರ ಕೈ ಮೆಲ್ಲಗೆ ಜಾಕೆಟ್ಟಿನ ಬೆನ್ನ ಕಡೆ ಹೋಯಿತು. ಪಟ್ಟಿ ಬಿಚ್ಚುತ್ತಿದ್ದಾರೆ ಎಂದು ನನಗೆ ತಿಳಿಯಿತು. ಹೇಳಿದರೆ ನಂಬುತ್ತೀರೋ ಇಲ್ಲವೋ, ನನಗೆ ಭಯವಾಗಲಿಲ್ಲ, ನಗು ಬಂತು. ಹಳೆಯ ಬಾವಿಯೇ ಕಣ್ಣ ಮುಂದೆ ಬಂದಿತ್ತು.

ಅಷ್ಟರಲ್ಲಿ ಅಲೆ ಬಿಡುತ್ತೇವೆ ಎಂದು ಸೈರನ್ ಕೂಗಿತು. ಬಾವಿಯ ನೀರು ನಿಂತ ನೀರು. ಈ ನೀರು ಎದ್ದು ಬಂತು. ಒಂದು ಅಲೆ ನಮ್ಮನ್ನು ದಾಟಿತು, ಸಡಿಲವಾದ ಜಾಕೆಟ್ಟು ಬೇರೆ ಕಡೆ ತೇಲಿತು. ಪವಿತ್ರಳ ಮುಖ ಒಮ್ಮೆ ಮೇಲೆ ಕಂಡಿತು, ಬಾಯಿ ನೀರಿನ ಮಟ್ಟಕ್ಕೆ, ಕಣ್ಣು ಆಕಾಶಕ್ಕೆ. ನಾವು ಅವಳು ಚೀರುತ್ತಾಳೆ ಎಂದು ಕಾದೆವು. ಅವಳು ಚೀರಲಿಲ್ಲ. ಆಮೇಲೆ ಆ ಮುಖವೂ ಕಾಣಲಿಲ್ಲ.

ಸೀಟಿ ಕೇಳಿಸಿತು. ಮೇಲೆ ಕುರ್ಚಿಯಲ್ಲಿ ಕೂತಿದ್ದ ಕಾವಲಿನವನು ಹಾರಿದ, ಮಗುವನ್ನು ಎತ್ತಿ ದಡಕ್ಕೆ ತಂದ. ಅಲೆ ನಿಲ್ಲಿಸಿದರು. ಮಹದೇವಪ್ಪಣ್ಣ ಓಡಿ ಬಂದವರೇ ಮಗುವಿನ ಎರಡೂ ಕಾಲು ಹಿಡಿದು ತಲೆಕೆಳಗಾಗಿ ಎತ್ತಲು ಹೋದರು. ತಿರುಗಿಸಿದರೆ ನೀರೆಲ್ಲ ಹೊರಗೆ ಬರುತ್ತದೆ ಎಂದು ನಮ್ಮಲ್ಲಿ ಎಲ್ಲರೂ ನಂಬಿದ್ದೇವಲ್ಲ.

"ಬುಡಿ ಮಾವ! ತಿರುಗಿಸ್ಬೇಡಿ!" ಪ್ರಮೀಳಾ ಅವರ ಕೈ ಬಿಡಿಸಿದಳು. "ಅದರಿಂದ ಜೀವ ಉಳಿಯಲ್ಲ, ಟೈಮು ಓಯ್ತದ ಅಷ್ಟೇಯ."

ಅವಳೂ ಕಾವಲಿನವನೂ ಮಗುವಿಗೆ ಉಸಿರಾಟ ಇದೆಯೇ ನೋಡಿದರು. ಇತ್ತು. ಒಂದು ಮಗ್ಗುಲಿಗೆ ಮಲಗಿಸಿದರು. ಪವಿತ್ರ ಕೆಮ್ಮಿದಳು, ನೀರು ಕಾರಿದಳು, "ಅವ್ವಾ" ಎಂದಳು. ದಿವ್ಯ ಅವಳ ಕೈ ಹಿಡಿದುಕೊಂಡಳು. ಒಣ ಬಟ್ಟೆ ಸುತ್ತಿ, ಮಗು ಚೆನ್ನಾಗಿ ಕಂಡರೂ ಬಿಡದೆ, ಪ್ರಮೀಳಾ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಎದೆಗೆ ನೀರು ಹೋಗಿದ್ದರೆ ಉಸಿರಿನ ತೊಂದರೆ ತಡವಾಗಿಯೂ ಬರಬಹುದಂತೆ.

ಪವಿತ್ರ ಗುಣವಾಗಿ ಮನೆಗೆ ಬಂದಳು. ಆದರೆ ಆ ಮನೆ ಮೊದಲಿನ ಹಾಗಿರಲಿಲ್ಲ. ಮಗು ತಾತನ ಹತ್ತಿರ ಸುಳಿಯುತ್ತಿರಲಿಲ್ಲ. ಮುಖ ತೊಳೆಯಲು ನೀರು ಮುಟ್ಟಿದರೂ ಅಳುತ್ತಿದ್ದಳು. "ನನ್ ಮಗಳು ಇನ್ನು ನೀರಿನ್ ತಾವ್ಕ ಓಗದಿಲ್ಲ, ನಿಮ್ ತಾವ್ಕೂ ಬರದಿಲ್ಲ" ಎಂದು ದಿವ್ಯ ಮಾವನಿಗೆ ನೇರವಾಗಿ ಹೇಳಿದಳು. ಆ ಹಿರಿಯ ಜೀವ ಜಗಲಿ ಮೇಲೆ ಕೂತು ಅತ್ತದ್ದನ್ನು ನಾನೇ ನೋಡಿದೆ. ನನಗೂ ಸಂಕಟವಾಯಿತು.

ಒಂದು ಸಂಜೆ ಪ್ರಮೀಳಾ ಬಂದಳು.

"ಅದ್ಯಾಕ ಕೂಗ್ನಿಲ್ಲ ಪ್ರಮೀಳಾ?" ಮಹದೇವಪ್ಪಣ್ಣ ಕೇಳಿದ ಮೊದಲ ಮಾತೇ ಅದು. "ಒಂದ್ಸಲ ತಾತ ಅಂದಿದ್ರ ಇಡ್ಕತಿದ್ನಲ್ಲ."

"ಮುಳುಗವ್ರು ಕೂಗಕಾಗಲ್ಲ ಮಾವ. ಉಸಿರು ಎಳ್ಕಳಾದೇ ಆಗದಿರುವಾಗ ಎಲ್ಲಿ ಕೂಗಾರು? ಕೈ ಎತ್ತಿ ಬೀಸಾಕೂ ಆಗಲ್ಲ. ನೀರಲ್ಲಿ ಆಡೋ ಕೂಸು ಸದ್ದು ಮಾಡ್ತದ. ಸದ್ದು ನಿಂತ್ರ ಮೊದ್ಲು ತಿರುಗಿ ನೋಡ್ಬೇಕು."

"ನನ್ ಬಾವಿಲಿ ಒಂದು ಕೂಸ್ಗೂ ಏನೂ ಆಗ್ನಿಲ್ಲ. ಆ ಬುರುಡ ಬಿಚ್ಚಿ ಊರ್ಗೇ ಈಜು ಕಲಿಸ್ದವ್ನು ನಾನು."

"ಬುರುಡ ಅಲ್ಲ ಮಾವ ಕಾದದ್ದು. ಬಟ್ಟ ಒಗಿಯವ್ರು, ಪಂಪ್ ಕೋಣೆ ಮ್ಯಾಲ ಕೂತವ್ರು, ನೀವು. ಅಷ್ಟು ಜನದ ಕಣ್ಣು ಒಂದ್ ಬಾವಿ ಮ್ಯಾಲ. ಈಗ ನಿಮ್ ಒಂಡದ ತಾವು ಯಾರವ್ರ?"

ಮಹದೇವಪ್ಪಣ್ಣ ಎದ್ದು ಹಿತ್ತಲಿಗೆ ನಡೆದರು. ನಾವೂ ಹಿಂದೆ ಹೋದೆವು. ಹೊಂಡದ ಹಾಳೆಯ ಮೇಲೆ ಪಾಚಿ ಕಟ್ಟಿತ್ತು. ಪ್ರಮೀಳಾ ಒಂದು ಕಾಲು ಇಟ್ಟು ತೋರಿಸಿದಳು, ಜರ್ರನೆ ಜಾರಿತು, ಅತ್ತಿಗೆ ಅವಳ ಕೈ ಹಿಡಿದುಕೊಂಡರು.

"ಈಜು ಬರೋ ದೊಡ್ಡವ್ರೂ ಇದರಿಂದ ಮ್ಯಾಕ ಅತ್ತಿ ಬರಕಾಗಲ್ಲ, ಇಡ್ಕಳಕ ಏನೂ ಇಲ್ಲ" ಎಂದಳು ಪ್ರಮೀಳಾ. ಆಮೇಲೆ ದಿವ್ಯಳ ಕಡೆ ತಿರುಗಿದಳು. "ನೀರಿನ್ ತಾವ್ಕ ಕಳ್ಸಲ್ಲ ಅಂತೀಯ. ಮನ ಬಾಗಿಲ್ಗೇ ನೀರ್ ಅದಲ್ಲ ಕಣಮ್ಮಿ. ಎದ್ರಿಕೆಯಿಂದ ಕೂಸು ತೇಲದಿಲ್ಲ. ಬೇಲಿನೂ ಬೇಕು, ಈಜೂ ಬೇಕು."

ದಿವ್ಯ ಹೊಂಡದ ಸುತ್ತ ಒಂದು ಸಲ ನಡೆದು ಬಂದಳು. "ಮೊದ್ಲು ಬೇಲಿ ಆಗ್ಲಿ" ಎಂದಳು.

ಆಯಿತು. ಹೊಂಡದ ಸುತ್ತ ಆಳೆತ್ತರದ ಬಲೆ, ಬೀಗ ಹಾಕುವ ಗೇಟು. ನಾಲ್ಕೂ ಬದಿಗೆ ಗಂಟು ಹಾಕಿದ ಹಗ್ಗ ಇಳಿಬಿಟ್ಟರು. ಗೇಟಿಗೆ ಒಂದು ಗಾಳಿ ತುಂಬಿದ ಲಾರಿ ಟ್ಯೂಬು, ಯಾರಾದರೂ ಬಿದ್ದರೆ ಎಸೆಯಲಿಕ್ಕೆ. ಈಜು ಕಲಿಸುವುದಕ್ಕೆ ನಮ್ಮೂರ ಸಿದ್ದಮಲ್ಲಪ್ಪನವರ ತೋಟದ ಸಿಮೆಂಟ್ ತೊಟ್ಟಿ ನಿಗದಿಯಾಯಿತು, ಮಕ್ಕಳ ಸೊಂಟದಷ್ಟು ನೀರು. ಈ ಸಲ ಎರಡೂ ಕೇರಿಯ ಮಕ್ಕಳು ಬಂದರು. ಆಚೆ ಕೇರಿಯ ಮಾದೇವಮ್ಮನ ಮೊಮ್ಮಗಳು ರೇವತಿ ಎಲ್ಲರಿಗಿಂತ ಮೊದಲು ಇಳಿದಳು.

ಪವಿತ್ರ ಜಾಕೆಟ್ಟು ತೊಟ್ಟು ಅಂಚಲ್ಲೇ ನಿಂತಿದ್ದಳು. ನೀರಲ್ಲಿದ್ದ ಮಹದೇವಪ್ಪಣ್ಣ ಕರೆಯಲಿಲ್ಲ, ಎಳೆಯಲಿಲ್ಲ. ಎರಡೂ ಕೈ ಚಾಚಿ ನಿಂತರು, ಅಷ್ಟೇ.

"ತಾತ, ಬಿಚ್ಚಲ್ಲ ಅಲ್ವ?"

"ನೀನು ಬಿಚ್ಚು ಅನ್ನಗಂಟ ಬಿಚ್ಚಲ್ಲ ಕೂಸೆ. ನಿನ್ನ ಕೇಳ್ದೆ ಏನೂ ಮಾಡಲ್ಲ."

ಅವಳು ಇಳಿದಳು. ಅವಳು ನೀರಲ್ಲಿದ್ದಷ್ಟು ಹೊತ್ತೂ ಊರಲ್ಲೇ ದೊಡ್ಡ ಮಾತುಗಾರ ಒಂದೇ ಒಂದು ಮಾತಾಡಲಿಲ್ಲ. ನಾನು ಏನೋ ಕೇಳಿದೆ, ತಿರುಗಿಯೂ ನೋಡಲಿಲ್ಲ. ದಡದಲ್ಲಿ ದಿವ್ಯ ಮೆಲ್ಲಗೆ, "ಮಾವ, ನಾಳಿಕ್ಕೂ ಕರ್ಕ ಬತ್ತೀನಿ" ಎಂದಳು.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದಿ ಎದ್ದ ಕೂಡಲೇ ನಿಮ್ಮ ಹೊಂಡದ ತನಕ ಒಮ್ಮೆ ನಡೆದು ಬನ್ನಿ. ಮಗು ನೀರಲ್ಲಿದ್ದರೆ ನಿಮ್ಮ ಕೈಗೆ ಎಟುಕುವಷ್ಟು ಹತ್ತಿರ ಇರಲಿ, ಫೋನು ಜೇಬಲ್ಲಿರಲಿ. ಪಾರ್ಕಿನಲ್ಲಿ ಕೊಟ್ಟ ಜಾಕೆಟ್ಟನ್ನು ಬಿಗಿಯಾಗಿ ಕಟ್ಟಿ, ನೀರಲ್ಲಿ ಬಿಚ್ಚಬೇಡಿ. ಯಾರಾದರೂ ಮುಳುಗುತ್ತಿದ್ದರೆ ಈಜು ಬಾರದವರು ಹಾರಬೇಡಿ. ಹಗ್ಗ, ಟ್ಯೂಬು, ಏನೂ ಇಲ್ಲದಿದ್ದರೆ ಉಟ್ಟ ಸೀರೆಯನ್ನೇ ಒಂದು ತುದಿ ಹಿಡಿದು ಎಸೆಯಿರಿ. ಮೇಲೆ ತಂದವರನ್ನು ತಲೆಕೆಳಗಾಗಿ ತಿರುಗಿಸಬೇಡಿ, ಹೊಟ್ಟೆ ಒತ್ತಬೇಡಿ. 108ಕ್ಕೆ ಕರೆ ಮಾಡಿ. ಉಸಿರು ನಿಂತಿದ್ದರೆ ಬಾಯಿಂದ ಉಸಿರು ಕೊಟ್ಟು ಎದೆ ಒತ್ತುವುದನ್ನು ನಿಮ್ಮೂರ ನರ್ಸಿನ ಹತ್ತಿರ ಈಗಲೇ ಕಲಿತಿಟ್ಟುಕೊಳ್ಳಿ.

ನಮ್ಮ ಕಾಲದಲ್ಲಿ ನೀರಿನ ಸುತ್ತ ಜನ ಇರುತ್ತಿದ್ದರು. ಇವತ್ತು ನಿಮ್ಮ ಹೊಂಡದ ಸುತ್ತ ಯಾರೂ ಇಲ್ಲ. ಬೇಲಿಯಾದರೂ ಇರಲಿ.